ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ

ಹದಿನೇಳನೇ ವಯಸ್ಸಿನಲ್ಲಿ ಓಟವೆಂದರೆ ನನಗೆ
ಸಾಗರದ ಝೀನತ್‌ಳ ಬೆನ್ನು.
ನಂಬರ್ ಮೂವತ್ತೇಳು, ನಾಲ್ಕು ಮೂಲೆಗೆ ಚುಚ್ಚಿದ ಪಿನ್ನು,
ಅದರಲ್ಲೊಂದು ಸದಾ ಬಿಟ್ಟುಕೊಂಡು ಬಟ್ಟೆ ಪಟಪಟ.
ನೆಹರೂ ಕ್ರೀಡಾಂಗಣದಲ್ಲಿ ಮರಗಳಿದ್ದವೋ ಇಲ್ಲವೋ
ಇವತ್ತಿಗೂ ಹೇಳಲಾರೆ.

ಎಂಟುನೂರು ಮೀಟರು. ಎರಡು ಸುತ್ತು.
ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು, ಮೇಲೊಂದು ಚೂರು.
ಆ ಚೂರಿನಲ್ಲೇ ನಾನು ನಾಲ್ಕನೆಯವಳಾದೆ.
ಮೆಟ್ಟಿಲು ಮೂರೇ ಇದ್ದವು, ನಾಲ್ಕನೆಯವಳಿಗೆ ನೆಲ.
ಪರಶೋಜಿ ಮೇಷ್ಟ್ರು ಸ್ಟಾಪ್‌ವಾಚನ್ನು ಜೇಬಿಗಿಳಿಸಿ
"ನೀರು ಕುಡಿ" ಅಂದರು. ಅಷ್ಟೇ.
ಬೈದಿದ್ದರೆ ಚೆನ್ನಾಗಿತ್ತು.

ಶೂ ತಮ್ಮನಿಗೆ ಕೊಟ್ಟೆ. ಅವನಿಗದು ಬಿಗಿ, ಇನ್ಯಾರಿಗೋ ಕೊಟ್ಟ.
ಆಮೇಲೆ ನರ್ಸಿಂಗು, ಮೆಗ್ಗಾನ್ ಆಸ್ಪತ್ರೆಯ ವಾರ್ಡು,
ಇಪ್ಪತ್ತೆರಡು ವರ್ಷ ಬೇರೆಯವರ ನಾಡಿಗೆ ಬೆರಳಿಟ್ಟು
ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದೆ.
ಸೆಕೆಂಡಿನ ಮುಳ್ಳು ನನ್ನನ್ನು ಬಿಟ್ಟಿರಲಿಲ್ಲ,
ಕೆಲಸ ಬದಲಿಸಿತ್ತು.

ರಾತ್ರಿ ಪಾಳಿ ಮುಗಿದ ಒಂದು ಬೆಳಿಗ್ಗೆ ಗೋಪಾಳದ ಬಸ್ಸು
ಕಣ್ಣೆದುರೇ ಹೊರಟಿತು. ಓಡಿದೆ.
ಚೀಲದಲ್ಲಿ ಖಾಲಿ ಡಬ್ಬಿ, ಡಬ್ಬಿಯೊಳಗೆ ಚಮಚದ ತಾಳ.
ಬಸ್ಸು ತಪ್ಪಿತು; ಕಾಲಿಗೆ ಆ ಸುದ್ದಿ ಮುಟ್ಟಲಿಲ್ಲ.
ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸು ನಿಂತಿದೆ,
ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು
"ಹತ್ತಿ ಸಿಸ್ಟರ್, ನಿಮಗೋಸ್ಕರಾನೇ ನಿಲ್ಸಿರೋದು" ಅನ್ನುತ್ತಾನೆ.
ನಾನು ಕೈ ಬೀಸಿ "ರೈಟ್, ರೈಟ್" ಅಂದುಬಿಟ್ಟೆ.
ಬಸ್ಸಿಗೆ ಬಸ್ಸೇ ಕಿಟಕಿಗೆ ಕತ್ತು ಹಾಕಿ ನೋಡಿತು.

ಈಗ ಪಾಳಿಯಿಲ್ಲದ ಬೆಳಿಗ್ಗೆಗಳಲ್ಲಿ ತುಂಗಾ ನಾಲೆಯ ಏರಿ.
ಇನ್ನೂ ನೀರು ಬಿಟ್ಟಿಲ್ಲ,
ಒಣ ನಾಲೆಯ ಹೊಟ್ಟೆಯೊಳಗೆ ಹುಡುಗರ ಕ್ರಿಕೆಟ್ಟು.
ಹಳೇ ಚೂಡಿದಾರ, ಮಗಳ ಬಿಳೀ ಕ್ಯಾನ್ವಾಸು.
ಎಮ್ಮೆ ಹೊಡಕೊಂಡು ಹೋಗುತ್ತಿದ್ದ ಅಜ್ಜಿ ನಿಂತು
"ಯಾರವ್ವಾ ಅಟ್ಟಿಸ್ಕೊಂಡ್ ಬರ್ತಿರೋದು?" ಅಂತ ನನ್ನ ಹಿಂದೆ ನೋಡಿದಳು.
"ಯಾರೂ ಇಲ್ಲಜ್ಜಿ."
"ಮತ್ತೆ?"
ಆ 'ಮತ್ತೆ'ಗೆ ಉತ್ತರ ಹುಡುಕುತ್ತ ಎರಡು ಸೇತುವೆ ದಾಟಿದೆ.

ಮೊದಲ ಹತ್ತು ನಿಮಿಷ ಮಂಡಿಯದ್ದು ಗೊಣಗಾಟ.
ಆಮೇಲೆ ಉಸಿರು ತನ್ನ ಪಾಡಿಗೆ ತಾನು ಒಗ್ಗಿ,
ತಟ್ಟುವ ಕೈಗೆ ಅಂಟದೆ ಅಕ್ಕಿರೊಟ್ಟಿ ತಿರುಗತೊಡಗುತ್ತದಲ್ಲ,
ಹಾಗೆ, ಕಾಲಡಿಯ ಏರಿಯೇ ತಿರುಗಿಕೊಳ್ಳುತ್ತದೆ.
ಇಲ್ಲಿ ಮರಗಳಿವೆ. ಎಷ್ಟೆಂದು ಕೇಳಬೇಡಿ.

ಸುಳ್ಳು ಯಾಕೆ, ಹೊಸ ಶೂ ಹಾಕಿದ ಹುಡುಗಿಯೊಬ್ಬಳು ದಾಟಿ ಹೋದರೆ
ಮೀನಖಂಡದೊಳಗಿನ ಝೀನತ್ ಎದ್ದು ಕೂರುತ್ತಾಳೆ.
ಒಂದೆರಡು ಲೈಟುಕಂಬದ ತನಕ ಬೆನ್ನು ಹತ್ತುತ್ತೇನೆ.
ಆಮೇಲೆ ನಗು ಬರುತ್ತದೆ,
ನಗುತ್ತ ಜೋರಾಗಿ ಓಡಲಾಗುವುದಿಲ್ಲ.

ಹೋದ ಭಾನುವಾರ ನೇರಳೆ ಮರದ ಕೆಳಗೆ ಪರಶೋಜಿ ಮೇಷ್ಟ್ರು.
ಕೈಯಲ್ಲಿ ಕೋಲು. ಸಕ್ಕರೆ ಕಾಯಿಲೆ, ದಿನಾ ನಡೆಯಬೇಕಂತೆ.
"ಎಷ್ಟು ಟೈಮು?" ಕ್ಷೇಮ ಸಮಾಚಾರಕ್ಕೂ ಮೊದಲು.
"ನೋಡಿಲ್ಲ ಸಾರ್."
ಮಗಳ ಹೆಸರು ಮರೆತೆ ಅಂದವಳನ್ನು ನೋಡುವಂತೆ ನೋಡಿದರು.
ಓಟದ ಮಧ್ಯೆ, ಅವರೆದುರೇ, ನಿಂತೆ.
ಬಿದ್ದ ಹಣ್ಣು ಆರಿಸಿ ದುಪಟ್ಟಾದಲ್ಲಿ ಒರೆಸಿ ಕೊಟ್ಟೆ.
"ನಿಮ್ಮ ಕಾಯಿಲೆಗೆ ಒಳ್ಳೇದು."
ತಿಂದೆವು. ಇಬ್ಬರ ನಾಲಿಗೆಯೂ ಶಾಯಿ ಕುಡಿದ ಹಾಗೆ.
ನಾನು ಬೀಜವನ್ನು ಒಣ ನಾಲೆಗೆ ಉಗಿದೆ.
ಅವರು ಸುತ್ತ ಒಮ್ಮೆ ನೋಡಿ, ಕತ್ತು ಹಿಂದಕ್ಕೆಳೆದು,
ಫೂ ಅಂತ ಉಗಿದು, ಕೋಲು ಚಾಚಿ ತೋರಿಸಿದರು:
"ನಂದೇ ದೂರ."
"ಹೌದು ಸಾರ್. ಫಸ್ಟು."

ಬಾಯಿ ತುಂಬ ಒಗರಿಟ್ಟುಕೊಂಡು ಮತ್ತೆ ಓಡತೊಡಗಿದೆ.
ಹಿಂದೆ ಅವರ ಜೇಬಿನಲ್ಲಿ ಏನೋ ಕ್ಲಿಕ್ ಅಂದಿತು.
ಅನ್ನಲಿ.