ಅಳತೆಗೆ ಒಂದು ಚಪ್ಪಲಿ

ಹತ್ತೊಂಬತ್ತು ವರ್ಷ ಒಂದೇ ನೋಟ್ಸು.
ಪಿನ್ನು ತುಕ್ಕು ಹಿಡಿದು, ಅಂಚು ಸವೆದು,
ಮಗುಚಿದರೆ ಪುಡಿಪುಡಿ ಉದುರುವ ಹಳದಿ.
ನಾನು ಓದುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು.
ಬೋರ್ಡಿನ ಮೇಲಿನ ನನ್ನ ಜ್ವಾಲಾಮುಖಿ
ವರ್ಷಕ್ಕಿಷ್ಟು ಕುಗ್ಗುತ್ತಾ ಬಂದು
ಈಚೆಗೆ ಹುತ್ತದ ಹಾಗೆ ಕಾಣುತ್ತಿತ್ತು.

ಒಳ್ಳೆಯ ಪುಸ್ತಕ ಇರಲಿಲ್ಲವೆಂದಲ್ಲ.
ಬೆಲೆ ನಾಲ್ಕು ಸಾವಿರದ ಮುನ್ನೂರು.
ಲೈಬ್ರರಿಗೆ ಬಂದದ್ದು ಎರಡು ಪ್ರತಿ.
ಒಂದು ನನ್ನ ಮನೆಯಲ್ಲಿ, ಹೌದು, ನನ್ನ ಮನೆಯಲ್ಲೇ.
ಇನ್ನೊಂದು ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ
ಹೋಗಿ ಬಂದು ಹೋಗಿ ಬಂದು
ಬೆನ್ನು ಮುರಿದುಕೊಂಡಿತ್ತು.
ಹುಡುಗರ ಕೈಲಿದ್ದದ್ದು ನಕಲಿನ ನಕಲು,
ಚಿತ್ರವಿದ್ದ ಪುಟವೆಲ್ಲ ಕಾಡಿಗೆ.
"ಸಾರ್, ಇದು ಕಲ್ಲಾ, ಶಾಯಿಯಾ?"
ಕೇಳಿದವಳು ಹಸೀನಾಬಾನು.
ನಾನು ನಕ್ಕು ಮುಂದಿನ ಪುಟಕ್ಕೆ ಹೋದೆ.

ಪಾಲಮ್ಮ ನಗಲಿಲ್ಲ.
ಗ್ರಂಥಪಾಲಕಿ; ನನ್ನ ಬಾಕಿ ಕೇಳಲು
ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.
"ಪುಸ್ತಕ ವಾಪಸ್ ಕೊಡ್ರಿ ಸಾರ್.
ಅದಕ್ಕಿಂತ ಒಳ್ಳೇದೊಂದು ತೋರಿಸ್ತೀನಿ, ಬರ್ರಿ."

ಗುಡ್ಡದ ರಂಗವ್ವನಹಳ್ಳಿಯ ಕ್ಯಾಂಪಸ್ಸು,
ಮಧ್ಯಾಹ್ನ ಮೂರು ಗಂಟೆ,
ಕಿಟಕಿಯಾಚೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು
ಯಾರದೂ ಅಲ್ಲದ್ದನ್ನು ತಿರುವಿಕೊಳ್ಳುತ್ತಿದ್ದವು.
ಮೂರನೇ ಕಂಪ್ಯೂಟರು, ಅಕ್ಷರ ಅಳಿಸಿದ ಕೀಲಿಮಣೆ.
ತೆರೆದುಕೊಂಡಿತು ಪುಸ್ತಕ, ಪೂರ್ತಿ, ಬಣ್ಣಬಣ್ಣದ್ದು.
"ಬಿಟ್ಟಿ ಮಾಲು," ಅಂದೆ, ತುಟಿ ಕೊಂಕಿಸಿ.
"ಬಿಟ್ಟಿಯಲ್ಲ ಸಾರ್, ಬಿಟ್ಟುಕೊಟ್ಟಿದ್ದು.
ಅಡಿಯಲ್ಲಿರೋ ಸಣ್ಣಕ್ಷರ ಓದ್ರಿ.
ತಗೊಂಡು ಹೋಗಿ ಅಂತದೆ, ಹಂಚಿ ಅಂತದೆ,
ತಿದ್ದಿ ಅಂತದೆ.
ಬರೆದೋರ ಹೆಸರು ಹೇಳ್ಬೇಕು,
ನೀವೇನು ಬದಲಿಸಿದ್ರೋ ಅದನ್ನೂ ಹೇಳ್ಬೇಕು. ಅಷ್ಟೇ."

ತಿದ್ದಿ.
ಇಷ್ಟು ವರ್ಷ ತಿದ್ದುವುದೆಂದರೆ
ಕೆಂಪು ಶಾಯಿ, ಬೇರೆಯವರ ಉತ್ತರ.

ನಾಲ್ಕನೇ ಅಧ್ಯಾಯ, ದಿಂಬುಲಾವಾ.
ಕಡಲ ತಳದಲ್ಲಿ ಉಕ್ಕಿದ ಬೆಂಕಿ
ನೀರು ತಾಕಿದ್ದೇ ದುಂಡಗೆ ಹೆಪ್ಪಾಗಿ
ದಿಂಬಿನ ಮೇಲೆ ದಿಂಬು.
ಚಿತ್ರ ಯಾವುದೋ ದ್ವೀಪದ್ದು,
ಅಳತೆಗೆ ಪಕ್ಕದಲ್ಲೊಂದು ಸುತ್ತಿಗೆ.
ಪಾಲಮ್ಮ ಕನ್ನಡಕ ಮೇಲೇರಿಸಿ ಬಗ್ಗಿದರು:
"ಇದು ನಮ್ಮ ಮರಡಿಹಳ್ಳಿ ಕಲ್ಲಲ್ವಾ?
ನಮ್ಮಜ್ಜಿ ಇದರ ಮೇಲೆ ಹುರುಳಿ ಒಣಗಾಕ್ತಿದ್ಲು."

ಭಾನುವಾರ ಹನ್ನೊಂದು ಮಂದಿ ಬಸ್ಸು ಹತ್ತಿದೆವು.
ದುರ್ಗದಿಂದ ಹದಿನಾರೇ ಕಿಲೋಮೀಟರು,
ನಾನು ಪಾಠ ಮಾಡಲು ಕರೆದೊಯ್ದದ್ದು ಮೊದಲ ಸಲ.
ಸುತ್ತಿಗೆ ಮರೆತಿದ್ದೆ.
ಹಸೀನಾ ತನ್ನ ಎಡಗಾಲ ಚಪ್ಪಲಿ ಬಿಚ್ಚಿ
ಕೋಟಿ ಕೋಟಿ ವರ್ಷದ ದಿಂಬಿನ ಪಕ್ಕ ಇಟ್ಟಳು.
ಉಂಗುಟಕ್ಕೆ ಎರಡು ಸಲ ಹೊಲಿಗೆ ಹಾಕಿದ ಚಪ್ಪಲಿ.
ಫೋಟೊ ಚೆನ್ನಾಗಿ ಬಂತು.

ಆಮೇಲೆ ಆರು ಶನಿವಾರ.
ನಾನು ಎಲ್ಲೆಲ್ಲಿಂದಲೋ ಎತ್ತಿ ತಂದ ಚಿತ್ರಗಳನ್ನು
ಪಾಲಮ್ಮ ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಿ ತೆಗೆದರು:
"ಇದು ಬ್ಯಾಡ, ಇದರ ಒಡೆಯರು ಬಿಟ್ಟಿಲ್ಲ.
ಇದಕ್ಕೆ ಹೆಸರಿಲ್ಲ, ಯಾರದು ಕೇಳ್ರಿ."
ಮತ್ತೆ, "ಚಿಕ್ಕೋಬಯ್ಯನಿಗೆ ಕಣ್ಣು ಕಾಣಲ್ಲ,
ಅವನ ಫೋನು ಓದಿ ಹೇಳೋ ಹಾಗೆ
ಚಿತ್ರದ ಕೆಳಗೆ ಚಿತ್ರ ಬರೀರಿ."
ಇಡೀ ಮಧ್ಯಾಹ್ನ ಕೂತು ಬರೆದೆ:
ಮಕ್ಕಳು ಮಲಗೆದ್ದು ಮಡಿಸದೆ ಬಿಟ್ಟ ಹಾಸಿಗೆಯಂತೆ
ಒಂದಕ್ಕೊಂದು ಒರಗಿದ ಕಲ್ಲು. ಎಡಕ್ಕೊಂದು ಚಪ್ಪಲಿ.
ಚಿಕ್ಕೋಬಯ್ಯ ಕೇಳಿ, ಬೆರಳು ಮಡಿಸಿ, "ಎಷ್ಟು ಗೇಣು ಸಾರ್?" ಅಂದ.
ಬರೆದಿರಲಿಲ್ಲ. ಸೇರಿಸಿದೆ.

ಹುಣ್ಣಿಮೆ ನಾಲ್ಕು ಕಳೆದ ಮೇಲೆ
ಹೆಸರು ಉಚ್ಚರಿಸಲಾಗದ ಊರಿನ ಮೇಷ್ಟ್ರೊಬ್ಬರು
ನಮ್ಮ ಅಧ್ಯಾಯ ತಮ್ಮ ಭಾಷೆಗೆ ತೆಗೆದುಕೊಂಡರು.
ತಮ್ಮ ಕಲ್ಲು ಸೇರಿಸಿದ್ದಾರೆ, ನಮ್ಮದನ್ನೂ ಇಟ್ಟಿದ್ದಾರೆ,
ಚಪ್ಪಲಿ ಸಮೇತ.
ಅಡಿಯಲ್ಲಿ ಮೊದಲು ಬರೆದವರ ಹೆಸರು, ನನ್ನ ಹೆಸರು,
ಫೋಟೊ: ಹಸೀನಾಬಾನು.
ಪಾಲಮ್ಮನ ಹೆಸರು ಎಲ್ಲೂ ಇಲ್ಲ.
ಬಿಟ್ಟವನು ನಾನೇ.

ಓಡಿಹೋಗಿ ಹೇಳಿದೆ. ಅವರು ಏಣಿಯ ಮೇಲಿದ್ದರು,
ಫ್ಯಾನಿನ ಧೂಳು ಒರೆಸುತ್ತಾ.
"ಇರ್ಲಿ ಬಿಡ್ರಿ. ಆ ಪುಸ್ತಕ
ಇನ್ನೂ ವಾಪಸ್ ಬಂದಿಲ್ಲ ಸಾರ್."

ಮೂಲ: ಪಾಲಮ್ಮ, ಲೈಬ್ರರಿ.
ಬದಲಾವಣೆ: ಅವರ ಮಾತನ್ನು ಅಲ್ಲಲ್ಲಿ ಮುರಿದು
ಸಾಲು ಮಾಡಿದ್ದೇನೆ.
ತಪ್ಪಿದ್ದರೆ ತಿದ್ದಿಕೊಳ್ಳಿ.