ಹೊಟ್ಟೆಗೆ ಹಾಕಿಕೊಳ್ಳುವುದು

ಕಾವೊಲಾಕ್‌ನ ಗೋದಾಮಿನ ನೆರಳಲ್ಲಿ
ದಿಬೋರಜ್ಜಿ ಶೇಂಗಾ ಸುಲಿಯುತ್ತಾಳೆ.
ಅದೇ ಕೈ ಮೊಮ್ಮಗನ ಕೆನ್ನೆಗೂ.
ಕೆನ್ನೆ ಒಣಗಿ ಬಿರಿದಿದೆ, ಇಸುಬು.
ಬಿರುಕಲ್ಲಿ ನುಸುಳಿದ ಧೂಳನ್ನು ಚರ್ಮ
ಕಳ್ಳನೆಂದು ಬರೆದುಕೊಳ್ಳುವ ಮೊದಲೇ

ಸಜ್ಜೆ ಗಂಜಿ, ಕುಟ್ಟಿದ ಶೇಂಗಾ, ಬೆರಳ ತುದಿಯಲ್ಲಿಷ್ಟು:
ಜೆಗಾನ್ ಚೀಪುತ್ತಾನೆ, ಮುಖ ಕಿವುಚುತ್ತಾನೆ,
ಮತ್ತೆ ಬಾಯಿ ತೆರೆಯುತ್ತಾನೆ.

ಒಳಗೆ, ಕರುಳ ಗೋಡೆಯಲ್ಲಿ,
ಕೊಲ್ಲುವುದೇ ಕಸುಬಾದ ಕಾವಲು.
ಒಂದು ಕೋಶ ಸಂದಿಯಿಂದ ಕೈಚಾಚಿ
ಚೂರೊಂದನ್ನು ಹೆಕ್ಕಿ
ದುಗ್ಧಗ್ರಂಥಿಯ ಪಡಸಾಲೆಗೆ ಒಯ್ದು ತೋರಿಸುತ್ತದೆ:
ನೋಡಿ, ಇದು ಬಾಯಿಂದ ಬಂದದ್ದು. ಬಿಡಿ.

ಬಿಡುವುದನ್ನೂ ಕಲಿಯಬೇಕು.
ನಾಳೆ ಮತ್ತೆ. ನಾಡಿದ್ದು ಮತ್ತೆ.

ಹೋದ ಸುಗ್ಗಿಯಲ್ಲಿ ತೂಕ ಕದ್ದವನು
ಎದುರೇ ಹಾದು ಸಲಾಮು ಹೇಳುತ್ತಾನೆ.
ಅಜ್ಜಿ ಅದನ್ನಿನ್ನೂ ಹೊಟ್ಟೆಗೆ ಹಾಕಿಕೊಂಡಿಲ್ಲ.
ಉತ್ತರ ಕೊಡದೆ
ಬೆರಳನ್ನು ಗಂಜಿಗೆ ಅದ್ದುತ್ತಾಳೆ.