ಮುರಿದ ಸೂಜಿಯ ಪುಸ್ತಕ

ದೀಪ ಹಚ್ಚಿದ ಮೇಲೆ ಯಾರಿಗೂ ಸೂಜಿ ಕೊಡಬಾರದು
ಎನ್ನುತ್ತಿದ್ದಳು ದುದ್ದದ ನನ್ನ ಸೋದರತ್ತೆ.
ಇಲ್ಲಿ ನಾನು ಕೊಡುವುದೇ ದೀಪ ಹಚ್ಚಿದ ಮೇಲೆ.
ಹಾಸನದ ಕೈಗಾರಿಕಾ ಪ್ರದೇಶ, ಎರಡನೇ ಪಾಳಿ,
ಹಾಲುಗಲ್ಲದ ಮಕ್ಕಳಿಗೆ ಅಂಗಿ ಹೊಲಿಯುವ ಕಾರ್ಖಾನೆ.
ಸರಳು ಹಾಕಿದ ಕಿಟಕಿಯ ಹಿಂದೆ ನಾನು, ಸೂಜಿಗಳ ಡಬ್ಬ,
ಮತ್ತು ಈ ಪುಸ್ತಕ.

ನಿಯಮ ಸಣ್ಣದು.
ಮುರಿದದ್ದನ್ನು ತಂದರೆ ಮಾತ್ರ ಹೊಸದು.
ಬುಡ, ನಡು, ತುದಿ, ಎಲ್ಲ ಚೂರನ್ನೂ ಹಾಳೆಯ ಮೇಲೆ ಜೋಡಿಸಿ
ಇಡೀ ಸೂಜಿಯೊಂದರ ಪಕ್ಕ ಮಲಗಿಸಿ ಉದ್ದ ನೋಡಿ
ಮೇಲೆ ಸೆಲ್ಲೋಟೇಪು. ಲೈನು, ಮೆಷಿನ್ನು, ಹೊತ್ತು, ಸಹಿ.
ಚೂರು ಕಮ್ಮಿಯಾದರೆ ಆ ಬಂಡಲು ಪೂರಾ ನಿಲ್ಲಬೇಕು,
ಒಂದೊಂದೇ ಅಂಗಿ ಪತ್ತೆಯಂತ್ರದ ಬಾಯಿಗೆ ಹೋಗಿ ಬರಬೇಕು.

ಮೊನ್ನೆ ಬುಧವಾರ, ಎಂಟೂ ಮುಕ್ಕಾಲು.
ಏಳನೇ ಲೈನಿನ ಜೆಸಿಂತಾ ಎರಡೇ ಚೂರು ತಂದಳು.
ಬುಡ ಇತ್ತು, ನಡು ಇತ್ತು.
ತುದಿ ಇಲ್ಲ, ಅಕ್ಕಿನುಚ್ಚಿನಷ್ಟು.
ಆಯಸ್ಕಾಂತ ಹಿಡಿದು ನೆಲ ಸವರಿದೆವು:
ಯಾರದೋ ಹೇರ್‌ಪಿನ್ನು, ಒಂದು ಗುಂಡುಪಿನ್ನು, ತುಕ್ಕು.
ಹೊರಗೆ ಕಂಟೇನರು ಎಂಜಿನ್ನು ಆರಿಸದೆ ಕಾಯುತ್ತಿತ್ತು.

ಯೋಗಣ್ಣ ಬಂದರು. ಕೆಟ್ಟ ಮನುಷ್ಯನಲ್ಲ,
ನನ್ನ ತಂಗಿಗೆ ಇಲ್ಲಿ ಕೆಲಸ ಕೊಡಿಸಿದವರು.
"ಬೇರೆ ಸೂಜಿ ತುದಿ ಮುರ್ದು ಅಂಟ್ಸಿ ಬಿಡಮ್ಮ.
ಯಾವ್ದರ ತುದಿ ಯಾವ್ದು ಅಂತ ಪುಸ್ತಕಕ್ಕೇನ್ ಗೊತ್ತಾಗುತ್ತೆ?"

ಗೊತ್ತಾಗುವುದಿಲ್ಲ. ಅದು ನನಗೆ ಗೊತ್ತು.
ಪುಟ ನಲವತ್ತೊಂದು, ಮೇಲಿಂದ ಮೂರನೆಯದು,
ಯುಗಾದಿಯ ಹಿಂದಿನ ರಾತ್ರಿ ಇಕ್ಕಳದಲ್ಲಿ ನಾನೇ ಚಿವುಟಿದ ತುದಿ,
ಒಮ್ಮೆಯೂ ಬಟ್ಟೆ ಕಾಣದ್ದು.
ಆಡಿಟಿಗೆ ಬಂದವರು ಅದೇ ಪುಟ ತೆರೆದು
ಎಷ್ಟು ಚೊಕ್ಕ ಎಂದರು.
ನಿಜವಾದದ್ದು ಕಸದ ಮೂಟೆಯಲ್ಲೋ,
ಯಾವ ದೇಶದ ಯಾವ ತೊಟ್ಟಿಲಲ್ಲೋ.
ಅಂದಿನಿಂದ ಬಸ್ಸಿನಲ್ಲಿ ಯಾವ ಕೂಸು ಕಿರುಚಿ ಅತ್ತರೂ
ನಾನು ಮೊದಲು ನೋಡುವುದು ಅದರ ಕತ್ತಿನ ಪಟ್ಟಿ.

ತುದಿ: ಸಿಕ್ಕಿಲ್ಲ, ಎಂದು ಬರೆದೆ.
ಯೋಗಣ್ಣ ಏನೂ ಅನ್ನದೆ ಫೋನು ಹಿಡಿದು ಆಚೆ ಹೋದರು.
ಆರುನೂರ ಹನ್ನೆರಡು ಅಂಗಿ ಹಾಯಿಸಿದೆವು.
ಯಂತ್ರ ಕೂಗಲಿಲ್ಲ.
ಕಂಟೇನರು ಖಾಲಿ ಹೋಯಿತು.
ಹನ್ನೊಂದೂ ಕಾಲಿಗೆ ಜೆಸಿಂತಾ ತಾನೇ ಬಂದು
ಸರಳುಗಳ ನಡುವೆ ಎಡಗೈ ಚಾಚಿದಳು.
ತೋರುಬೆರಳಿಗೆ ಸುತ್ತಿದ ಬಟ್ಟೆ, ನಮ್ಮ ಅಂಗಿಯದೇ ತಿಳಿಹಳದಿ.
"ಅಕ್ಕಾ, ಇಲ್ಲೊಂದ್ಸಲ ನೋಡ್ತೀರಾ?"
ಕೈಯಂತ್ರ ಹಿಡಿದೆ.
ಆ ರಾತ್ರಿ ಮೊದಲ ಸಲ ಅದು ಕೂಗಿತು.

ಗೇಟಿನ ಹಲಗೆಯಲ್ಲಿ ಅಪಘಾತವಿಲ್ಲದ ದಿನಗಳು ೨೧೨.
ಇನ್ನೂರೈವತ್ತು ಮುಟ್ಟಿದರೆ ಲೈನಿಗೆಲ್ಲ ಕುಕ್ಕರು ಎಂದಿದ್ದರು.
ಮೂವತ್ತಾರು ಕುಕ್ಕರುಗಳ ಭಾರ
ಎರಡೂವರೆ ತಾಸು ಒಂದೇ ಬೆರಳಿನ ಮೇಲೆ.

ಜಿಲ್ಲಾಸ್ಪತ್ರೆಯ ಎಕ್ಸ್‌ರೇಯಲ್ಲಿ ಎಲುಬಿನ ಪಕ್ಕ ಬೆಳ್ಳಗೆ ನುಚ್ಚು.
ತೆಗೆದದ್ದನ್ನು ಡಾಕ್ಟರು ಹತ್ತಿಯಲ್ಲಿ ಸುತ್ತಿ ಕೊಟ್ಟರು.
ತಂದು ಅಂಟಿಸಿದೆ. ಉದ್ದ ಸರಿಹೋಯಿತು.
ಎಲ್ಲಿ ಸಿಕ್ಕಿತು ಎಂಬ ಕಾಲಮ್ಮಿಗೆ: ಬೆರಳಿನಲ್ಲಿ.

ಹಲಗೆಯಲ್ಲಿ ಈಗ ಒಂದಂಕಿ.
ಏಳನೇ ಲೈನು ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ,
ಜೆಸಿಂತಾಳ ಜೊತೆಗೂ.
ಹಾಗಾಗಿ ನಾವಿಬ್ಬರು ಕೂರುತ್ತೇವೆ.
ಡಬ್ಬಿಯ ಮುಚ್ಚಳ ಒಂದೇ ಕೈಗೆ ಬರದು, ನಾನು ತೆಗೆದುಕೊಡುತ್ತೇನೆ.

ಆದರೆ ನಲವತ್ತೊಂದನೇ ಪುಟ ಇನ್ನೂ ಇದೆ.
ಬಿಳಿ ಬಳಿಯುವಂತಿಲ್ಲ, ಹರಿಯುವಂತಿಲ್ಲ.
ತಪ್ಪಿನ ಮೇಲೆ ಒಂದೇ ಗೆರೆ, ಅಡಿಯಲ್ಲಿರುವುದು ಕಾಣುವಂತೆ,
ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಹಿ.
ಸರಿಯಾದದ್ದೇನೆಂದು ನನಗೆ ಗೊತ್ತಿಲ್ಲ.
ಹಾಗೆಂದೇ ಬರೆಯಲೇ?

ಆರೂವರೆ. ದೀಪಗಳು ಹತ್ತಿಕೊಂಡವು.
ಕಿಟಕಿಗೆ ಯಾರೋ ಬಂದಿದ್ದಾರೆ,
ಅಂಗೈಯಲ್ಲಿ ಮುರಿದದ್ದು.
ತಡೆಯಮ್ಮ, ಎನ್ನುತ್ತೇನೆ,
ಒಂದು ಗೆರೆ ಎಳೆಯುವುದಿದೆ.